ಕಾರಿನ ಕೆಳಗಿನ ಸದ್ದು: ನಾವು ಎಷ್ಟು ಪತ್ತೆ ಮಾಡಬಹುದು, ಗ್ಯಾರೇಜಿಗೆ ಎಷ್ಟು ಬಿಡಬೇಕು?

ಮಳೆಗಾಲ ಮುಗಿದು ರಸ್ತೆಯ ಗುಂಡಿಗಳು ಬಾಯಿ ತೆರೆದ ಮೇಲೆ ಹಳೆಯ ಕಾರುಗಳೆಲ್ಲ ಮಾತನಾಡಲು ಶುರು ಮಾಡುತ್ತವೆ. ಹಂಪ್ ಹತ್ತಿದರೆ "ಧಡ್", ಗುಂಡಿಗೆ ಇಳಿದರೆ "ಕಟಕಟ", ಗೇಟಿನೊಳಗೆ ತಿರುಗಿಸಿದರೆ "ಕಿರ್ರ್". ಇಂಥ ಸದ್ದು ಕೇಳಿದಾಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಹಾಡಿನ ವಾಲ್ಯೂಮ್ ಹೆಚ್ಚಿಸುತ್ತಾರೆ. ಉಳಿದವರು ಗ್ಯಾರೇಜಿಗೆ ಹೋಗಿ, "ಏನೋ ಸದ್ದು ಬರ್ತಿದೆ, ನೋಡಿ" ಎಂದು ಹೇಳಿ ಕೀಲಿ ಕೊಟ್ಟು ಬರುತ್ತಾರೆ. ಮೊದಲನೆಯದು ಅಪಾಯ, ಎರಡನೆಯದು ದುಬಾರಿ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಸದ್ದನ್ನು ನಾವೇ ಸರಿಯಾಗಿ ಕೇಳಿ, ಎಲ್ಲಿಂದ ಬರುತ್ತಿದೆ ಎಂದು ಊಹಿಸಿ, ಆಮೇಲೆ ದುರಸ್ತಿಯನ್ನು ಬಲ್ಲವರ ಕೈಗೆ ಕೊಡುವುದು.

ನಾನು ವಾಣಿಜ್ಯ ವಿಭಾಗದವನು. "ನಿನಗ್ಯಾಕಪ್ಪ ಕಾರಿನ ಸಸ್ಪೆನ್ಷನ್?" ಎಂದು ನೀವು ಕೇಳಬಹುದು. ಅಬ್ಬಾ ಬಟ್ಟೆ ವ್ಯಾಪಾರ ಮಾಡುತ್ತಾರೆ. ವಾರಕ್ಕೆ ನಾಲ್ಕು ದಿನ ಹತ್ತು ವರ್ಷದ ಹಳೆಯ ಸಣ್ಣ ಕಾರಿನಲ್ಲಿ ಗಂಟು ತುಂಬಿಕೊಂಡು ಸುತ್ತಲಿನ ಸಂತೆಗಳಿಗೆ ಹೋಗುತ್ತಾರೆ. ಆ ಕಾರು ನಿಂತರೆ ನಮ್ಮ ಮನೆಯ ಆದಾಯವೂ ನಿಲ್ಲುತ್ತದೆ. ಹಾಗಾಗಿ ಅದರ ಸದ್ದು ನಮಗೆ ಲೆಕ್ಕಪತ್ರದ ವಿಷಯವೂ ಹೌದು. ನನಗೆ ಹದಿನೇಳು ವರ್ಷ, ಕಾರು ಓಡಿಸಲು ಕಾನೂನು ಒಪ್ಪುವುದಿಲ್ಲ. ಆದರೆ ಪಕ್ಕದ ಸೀಟಿನಲ್ಲಿ ಕುಳಿತು ಕಿವಿಗೊಡಲು ಲೈಸೆನ್ಸ್ ಬೇಕಿಲ್ಲ. ರಸ್ತೆಯ ಮೇಲೆ ಗಮನವಿಡಬೇಕಾದ ಚಾಲಕನಿಗಿಂತ ಸುಮ್ಮನೆ ಕುಳಿತವನಿಗೇ ಸದ್ದು ಚೆನ್ನಾಗಿ ತಿಳಿಯುತ್ತದೆ.

ಸಸ್ಪೆನ್ಷನ್‌ನಲ್ಲಿ ಏನೇನಿದೆ?

ಚಕ್ರಕ್ಕೂ ಕಾರಿನ ದೇಹಕ್ಕೂ ನಡುವೆ ಇರುವ ವ್ಯವಸ್ಥೆಯೇ ಸಸ್ಪೆನ್ಷನ್. ರಸ್ತೆಯ ಏರುತಗ್ಗನ್ನು ಇದು ತಾನೇ ಸಹಿಸಿಕೊಂಡು, ಟೈರು ನೆಲ ಬಿಡದಂತೆಯೂ ನಮ್ಮ ಬೆನ್ನು ನೋಯದಂತೆಯೂ ನೋಡಿಕೊಳ್ಳುತ್ತದೆ. ಇಂದಿನ ಬಹುತೇಕ ಸಣ್ಣ ಕಾರುಗಳ ಮುಂಭಾಗದಲ್ಲಿ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವಿನ್ಯಾಸವಿರುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವಿನ್ಯಾಸ 1950ರ ಸುಮಾರಿಗೆ ಇಂಗ್ಲೆಂಡಿನಲ್ಲಿ ತಯಾರಾದ ಫೋರ್ಡ್ ಕಾನ್ಸುಲ್ ಕಾರಿನಲ್ಲಿ ಬಂತು. ಕಡಿಮೆ ಜಾಗ, ಕಡಿಮೆ ಖರ್ಚು ಎಂಬ ಕಾರಣಕ್ಕೆ ಜಗತ್ತೆಲ್ಲ ಹರಡಿತು.

ಇದರ ಮುಖ್ಯ ಭಾಗಗಳನ್ನು ತಿಳಿದುಕೊಂಡರೆ ಮುಂದಿನದು ಸುಲಭ. ಕಾಯಿಲ್ ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಅದರ ಕುಣಿತವನ್ನು ಶಾಕ್ ಅಬ್ಸಾರ್ಬರ್ ತಡೆಯುತ್ತದೆ. ಅದರೊಳಗೆ ಎಣ್ಣೆ ಇರುತ್ತದೆ. ಸ್ಪ್ರಿಂಗ್ ಮತ್ತು ಶಾಕ್ ಎರಡನ್ನೂ ಒಟ್ಟಿಗೆ ಕಟ್ಟಿದ ಕಂಬವೇ ಸ್ಟ್ರಟ್. ಅದರ ತಲೆಯ ಮೇಲೆ ರಬ್ಬರಿನ ಮೌಂಟ್ ಮತ್ತು ಬೇರಿಂಗ್ ಇರುತ್ತವೆ. ಕೆಳಗೆ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳು ಲೋವರ್ ಆರ್ಮ್. ಆ ತೋಳಿನ ಒಂದು ತುದಿಯಲ್ಲಿ ರಬ್ಬರ್ ಬುಷ್‌ಗಳು, ಇನ್ನೊಂದು ತುದಿಯಲ್ಲಿ ಬಾಲ್ ಜಾಯಿಂಟ್. ಇದಲ್ಲದೆ ಅನೇಕ ಕಾರುಗಳಲ್ಲಿ ಎಡ ಬಲ ಚಕ್ರಗಳನ್ನು ಜೋಡಿಸುವ ಸ್ಟೆಬಿಲೈಸರ್ ಬಾರ್ ಎಂಬ ಸರಳು, ಅದರ ಎರಡು ತುದಿಗೂ ಲಿಂಕ್ ಎಂಬ ಚಿಕ್ಕ ಕಡ್ಡಿಗಳು ಇರುತ್ತವೆ. ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲದಂತೆ ಇವು ತಡೆಯುತ್ತವೆ.

ನಮ್ಮ ರಸ್ತೆಗಳಲ್ಲಿ ಇವು ಬೇಗ ಸವೆಯಲು ಗುಂಡಿಗಳಷ್ಟೇ ಅಲ್ಲ, ಹಂಪ್‌ಗಳೂ ಕಾರಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಹಂಪ್ 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರವಾಗಿ ಇರಬೇಕು. ಆಗ ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮವಾಗಿ ದಾಟಬಹುದು. ನಿಮ್ಮ ಬೀದಿಯ ಹಂಪನ್ನು ಒಮ್ಮೆ ಟೇಪ್ ಹಿಡಿದು ಅಳೆದು ನೋಡಿ. ಎತ್ತರ ಹೆಚ್ಚಾಗಿ, ಅಗಲ ಕಡಿಮೆಯಾಗಿ ಗೋಡೆಯಂತೆ ಇದ್ದರೆ ಪ್ರತಿ ಸಲವೂ ಹೊಡೆತ ತಿನ್ನುವುದು ಈ ರಬ್ಬರ್ ಬುಷ್‌ಗಳೇ.

ಮೊದಲು ಡಿಕ್ಕಿ ಖಾಲಿ ಮಾಡಿ

ಸಸ್ಪೆನ್ಷನ್ ಮೇಲೆ ಅನುಮಾನ ಪಡುವ ಮೊದಲು ಡಿಕ್ಕಿಯಲ್ಲಿರುವ ಜಾಕ್, ಪಾನಾ, ಸ್ಟೆಪ್ನಿ ಗಟ್ಟಿಯಾಗಿ ಕೂತಿವೆಯೇ ನೋಡಿ. ಸೀಟಿನ ಕೆಳಗೆ ನೀರಿನ ಬಾಟಲಿ ಉರುಳುತ್ತಿರಬಹುದು. ನಂಬರ್ ಪ್ಲೇಟಿನ ಸ್ಕ್ರೂ ಸಡಿಲವಾಗಿರಬಹುದು. ಸೈಲೆನ್ಸರ್ ಪೈಪಿನ ಮೇಲಿನ ತಗಡು ತುಕ್ಕು ಹಿಡಿದು ನಡುಗುತ್ತಿರಬಹುದು. ಇವೆಲ್ಲ ಕಾರಿನೊಳಗೆ ಕುಳಿತವರಿಗೆ ಸಸ್ಪೆನ್ಷನ್ ಸದ್ದಿನಂತೆಯೇ ಕೇಳುತ್ತವೆ. ಎಲ್ಲವನ್ನೂ ತೆಗೆದಿಟ್ಟು ಅದೇ ರಸ್ತೆಯಲ್ಲಿ ಇನ್ನೊಂದು ಸುತ್ತು ಹೋಗಿ ಬನ್ನಿ. ಸದ್ದು ನಿಂತರೆ ಒಂದು ರೂಪಾಯಿಯೂ ಖರ್ಚಿಲ್ಲದೆ ಕೆಲಸ ಮುಗಿಯಿತು.

ಸದ್ದಿಗೆ ಹೆಸರು ಕೊಡಿ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ನಾವೆಲ್ಲ ಅನುಕರಣಾವ್ಯಯ ಓದಿದ್ದೇವೆ. ಧಗಧಗ, ಪಟಪಟ, ಚಟಚಟ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದು ಮರೆತ ಆ ಪಾಠ ಗ್ಯಾರೇಜಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಮ್ಮ ಮನೆಯ ಮಾತಿನಲ್ಲಿ "ಖಟ್ ಖಟ್", "ಚೂಂ ಚೂಂ" ಎನ್ನುತ್ತೇವೆ. ಮೆಕ್ಯಾನಿಕ್‌ಗೆ ಎರಡು ಭಾಷೆಯೂ ಅರ್ಥವಾಗುತ್ತದೆ. ಅವರಿಗೆ ಅರ್ಥವಾಗದ್ದು "ಏನೋ ಸದ್ದು" ಎಂಬುದು ಮಾತ್ರ. ಸಾಮಾನ್ಯವಾಗಿ ಕೇಳುವ ಸದ್ದುಗಳು ಇವು:

"ಕಟಕಟ": ನಿಧಾನವಾಗಿ ಕಲ್ಲುಮಣ್ಣಿನ ರಸ್ತೆಯಲ್ಲಿ ಹೋಗುವಾಗ ಬರುವ ಹಗುರ ಸದ್ದು. ಹೆಚ್ಚಾಗಿ ಸ್ಟೆಬಿಲೈಸರ್ ಲಿಂಕ್ ಅಥವಾ ಅದರ ಬುಷ್. ಇದನ್ನು ಖಚಿತಪಡಿಸಿಕೊಳ್ಳಲು ಒಂದು ಉಪಾಯವಿದೆ. ಎರಡು ಚಕ್ರವೂ ಒಟ್ಟಿಗೆ ಹಂಪ್ ಹತ್ತಿದರೆ ಸ್ಟೆಬಿಲೈಸರ್ ಬಾರ್ ಸುಮ್ಮನೆ ತಿರುಗುತ್ತದೆ, ಲಿಂಕ್ ಮೇಲೆ ಒತ್ತಡ ಬೀಳುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದರೆ ಮಾತ್ರ ಬಾರ್ ತಿರುಚಿಕೊಂಡು ಲಿಂಕನ್ನು ಎಳೆಯುತ್ತದೆ. ಆದ್ದರಿಂದ ನೇರವಾಗಿ ಹಂಪ್ ದಾಟಿದಾಗ ಮೌನ, ಒಂದು ಪಕ್ಕದ ಗುಂಡಿಯಲ್ಲಿ ಕಟಕಟ ಎಂದಾದರೆ ಅನುಮಾನ ಲಿಂಕ್ ಮೇಲೆ ಬರಬೇಕು.

"ಧಡ್": ಹಂಪ್ ಇಳಿಯುವಾಗ ಬರುವ ಒಂದೇ ಭಾರವಾದ ಸದ್ದು. ಶಾಕ್ ಅಬ್ಸಾರ್ಬರ್ ದುರ್ಬಲವಾಗಿರಬಹುದು, ಸ್ಟ್ರಟ್ ಮೌಂಟಿನ ರಬ್ಬರ್ ಒಡೆದಿರಬಹುದು ಅಥವಾ ಲೋವರ್ ಆರ್ಮ್ ಬುಷ್ ಹರಿದಿರಬಹುದು.

"ಟಕ್": ಬ್ರೇಕ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ. ಲೋವರ್ ಆರ್ಮ್ ಬುಷ್ ಸಡಿಲವಾಗಿ ಚಕ್ರ ಹಿಂದೆ ಮುಂದೆ ಸರಿಯುತ್ತಿರಬಹುದು. ಬ್ರೇಕ್ ಕ್ಯಾಲಿಪರಿನ ಸಡಿಲ ಪಿನ್ ಕೂಡ ಇಂಥದೇ ಸದ್ದು ಮಾಡುತ್ತದೆ. ಎರಡೂ ಉದಾಸೀನ ಮಾಡುವಂಥವಲ್ಲ.

"ಕಿರ್ರ್": ಹಳೆಯ ಬಾಗಿಲಿನಂತೆ ಕೂಗುವ ಸದ್ದು. ಒಣಗಿದ ರಬ್ಬರ್ ಬುಷ್‌ನ ಲಕ್ಷಣ. ಮಳೆ ಬಂದ ದಿನ ಸದ್ದು ಮಾಯವಾಗಿ, ಬಿಸಿಲಿನಲ್ಲಿ ಮತ್ತೆ ಬಂದರೆ ಅನುಮಾನ ಬಲವಾಗುತ್ತದೆ. ಸ್ಪ್ರೇ ಬಾಟಲಿಯಿಂದ ಒಂದೊಂದೇ ಬುಷ್‌ಗೆ ನೀರು ಹಾಕಿ ಕಾರನ್ನು ಕುಲುಕಿಸಿದರೆ ಯಾವುದು ಎಂದು ತಿಳಿಯುತ್ತದೆ. ನೀರು ಪರೀಕ್ಷೆಗೆ ಮಾತ್ರ, ಪರಿಹಾರವಲ್ಲ. ಎಂಜಿನ್ ಆಯಿಲ್, ಗ್ರೀಸ್ ಹಚ್ಚಬೇಡಿ. ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬಿ ಇನ್ನೂ ಬೇಗ ಹಾಳಾಗುತ್ತದೆ.

"ಟಣ್": ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಜಿಗಿದಂತೆ ಕೇಳುವ ಸದ್ದು. ಸ್ಟ್ರಟ್ ಮೇಲಿನ ಬೇರಿಂಗ್ ಬಿಗಿಯಾಗಿರಬಹುದು ಅಥವಾ ಸ್ಪ್ರಿಂಗಿನ ಒಂದು ಸುರುಳಿ ಮುರಿದಿರಬಹುದು.

ಸಸ್ಪೆನ್ಷನ್‌ಗೆ ಸೇರದ ಎರಡು ಸದ್ದುಗಳನ್ನೂ ಗುರುತಿಟ್ಟುಕೊಳ್ಳಿ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ಚಲಿಸುವಾಗ, ಚಕ್ರದ ವೇಗಕ್ಕೆ ತಕ್ಕಂತೆ "ಟಕಟಕಟಕ" ಎಂದರೆ ಅದು ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಸಿ.ವಿ. ಜಾಯಿಂಟ್. ವೇಗ ಹೆಚ್ಚಿದಂತೆ ಹೆಚ್ಚುವ "ಗುಂಯ್" ಎಂಬ ಸದ್ದು, ತಿರುವಿನಲ್ಲಿ ಬದಲಾದರೆ, ವೀಲ್ ಬೇರಿಂಗ್ ಇರಬಹುದು.

ಮನೆ ಮುಂದೆಯೇ ಮಾಡಬಹುದಾದ ಪರೀಕ್ಷೆಗಳು

ಒಂದು, ದಾಖಲೆ. ಸದ್ದು ಯಾವ ಕಡೆಯಿಂದ, ಯಾವ ವೇಗದಲ್ಲಿ, ಬ್ರೇಕ್ ಹಿಡಿದಾಗಲೋ ತಿರುಗಿಸಿದಾಗಲೋ, ಭಾರ ಇದ್ದಾಗಲೋ ಖಾಲಿ ಇದ್ದಾಗಲೋ ಎಂದು ಒಂದು ವಾರ ಬರೆದಿಡಿ. ಮೊಬೈಲಿನಲ್ಲಿ ಧ್ವನಿಮುದ್ರಣವನ್ನೂ ಮಾಡಿ. ಕಿಟಕಿ ಇಳಿಸಿ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನವಾಗಿ ಹೋದರೆ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆಗ ಎಡವೋ ಬಲವೋ ಎಂದು ಸುಲಭವಾಗಿ ತಿಳಿಯುತ್ತದೆ.

ಎರಡು, ಒತ್ತಿ ಬಿಡುವುದು. ಕಾರಿನ ಒಂದು ಮೂಲೆಯನ್ನು ಎರಡು ಮೂರು ಸಲ ಜೋರಾಗಿ ಒತ್ತಿ ಕೈ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ಆ ಮೂಲೆಯ ಶಾಕ್ ದುರ್ಬಲ. ಈ ಪರೀಕ್ಷೆ ಪೂರ್ತಿ ಹಾಳಾದ ಶಾಕನ್ನು ಮಾತ್ರ ಹಿಡಿಯುತ್ತದೆ, ಅರ್ಧ ಹಾಳಾದದ್ದು ತಪ್ಪಿಸಿಕೊಳ್ಳುತ್ತದೆ.

ಮೂರು, ಟಾರ್ಚ್ ಹಿಡಿದು ನೋಡುವುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರವನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಎಂಜಿನ್ ಆಫ್ ಮಾಡಿ. ಹೊರಗಿನಿಂದಲೇ ಇಣುಕಿ ನೋಡಿ. ಶಾಕ್ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿದೆಯೇ? ಬಾಲ್ ಜಾಯಿಂಟ್ ಮೇಲಿನ ರಬ್ಬರ್ ಟೊಪ್ಪಿ ಹರಿದಿದೆಯೇ? ಬುಷ್ ಬಿರುಕು ಬಿಟ್ಟಿದೆಯೇ?

ನಾಲ್ಕು, ಟೇಪ್ ಹಿಡಿದು ಅಳೆಯುವುದು. ಚಕ್ರದ ಮಧ್ಯಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಡ ಬಲ ಎರಡೂ ಕಡೆ ಅಳೆಯಿರಿ. ಒಂದು ಕಡೆ ಎದ್ದು ಕಾಣುವಷ್ಟು ತಗ್ಗಿದ್ದರೆ ಸ್ಪ್ರಿಂಗ್ ಕುಸಿದಿರಬಹುದು ಅಥವಾ ಮುರಿದಿರಬಹುದು.

ಐದು, ಟೈರು ಸವರುವುದು. ಟೈರಿನ ಮೇಲ್ಮೈ ಅಲೆಅಲೆಯಾಗಿ ಸವೆದಿದ್ದರೆ ಶಾಕ್ ಕೆಲಸ ಮಾಡುತ್ತಿಲ್ಲದಿರಬಹುದು. ಒಳಗಿನ ಅಥವಾ ಹೊರಗಿನ ಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿರಬಹುದು.

ಇಲ್ಲಿ ಕೈ ಹಾಕಬೇಡಿ

ಪತ್ತೆ ಮಾಡುವುದು ಬೇರೆ, ಬಿಚ್ಚುವುದು ಬೇರೆ. ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ಯಾವ ಕಾರಣಕ್ಕೂ ಹೋಗಬಾರದು. ಕಾರಿನ ಜೊತೆ ಬರುವ ಜಾಕ್ ಟೈರು ಬದಲಿಸಲು ಮಾತ್ರ. ಕೆಳಗೆ ಕೆಲಸ ಮಾಡಲು ಗಟ್ಟಿ ನೆಲ, ಸ್ಟ್ಯಾಂಡ್ ಅಥವಾ ಗ್ಯಾರೇಜಿನ ಲಿಫ್ಟ್ ಬೇಕು.

ಸ್ಟ್ರಟ್ ಬಿಚ್ಚುವ ಸಾಹಸವೂ ಬೇಡ. ಅದರೊಳಗಿನ ಸ್ಪ್ರಿಂಗನ್ನು ಭಾರಿ ಒತ್ತಡದಲ್ಲಿ ಕುಗ್ಗಿಸಿ ಕೂರಿಸಿರುತ್ತಾರೆ. ಕಂಪ್ರೆಸರ್ ಎಂಬ ಸಾಧನವಿಲ್ಲದೆ ಮೇಲಿನ ನಟ್ ತೆಗೆದರೆ ಅದು ಸಿಡಿದು ಪ್ರಾಣ ತೆಗೆಯಬಹುದು. ವೀಡಿಯೊ ನೋಡಿ ಕಲಿಯುವ ಕೆಲಸ ಇದಲ್ಲ.

ಸದ್ದಿನ ಜೊತೆ ಸ್ಟೀರಿಂಗ್ ಸಡಿಲವಾದರೆ, ಕಾರು ಒಂದು ಕಡೆಗೆ ಎಳೆದರೆ ಅಥವಾ ಬಾಲ್ ಜಾಯಿಂಟ್ ಮೇಲೆ ಅನುಮಾನವಿದ್ದರೆ ಕಾರನ್ನು ಓಡಿಸುವುದು ನಿಲ್ಲಿಸಿ ಮೆಕ್ಯಾನಿಕನ್ನು ಕರೆಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಹಾಗಾದರೆ ಕಾರಿನಲ್ಲಿರುವವರಿಗೆ ಮಾತ್ರವಲ್ಲ, ಎದುರು ಬರುವವರಿಗೂ ಅಪಾಯ.

ವಾಣಿಜ್ಯದ ಕಣ್ಣಿನಿಂದ

ಈಗ ನಮ್ಮ ವಿಷಯಕ್ಕೆ ಬರೋಣ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಲೇಖನ ಬರೆದರು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯೇ ಕೆಡುತ್ತದೆ ಎಂಬುದು ಅದರ ಸಾರ. 2001ರಲ್ಲಿ ಅವರಿಗೆ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 1973ರಲ್ಲಿ ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೆಲವು ಸೇವೆಗಳಲ್ಲಿ ಹಣ ಕೊಟ್ಟ ಮೇಲೂ ಅದು ನಮಗೆ ನಿಜವಾಗಿ ಬೇಕಿತ್ತೇ ಎಂದು ತಿಳಿಯುವುದಿಲ್ಲ, ನಂಬಬೇಕಷ್ಟೆ ಎಂದರು. ದುರಸ್ತಿ ಅಂಥ ಸೇವೆ. ರೋಗ ಏನೆಂದು ಹೇಳುವವರೂ ಅವರೇ, ಔಷಧ ಮಾರುವವರೂ ಅವರೇ.

ನಮ್ಮ ಮನೆಯಲ್ಲೂ ಇದು ಆಯಿತು. ಕಳೆದ ವರ್ಷ ಕಾರು ಕಟಕಟ ಎನ್ನತೊಡಗಿತು. ಒಂದು ಗ್ಯಾರೇಜಿನಲ್ಲಿ ಕಾರನ್ನು ಓಡಿಸಿ ನೋಡದೆಯೇ ಮುಂದಿನ ಎರಡೂ ಶಾಕ್ ಬದಲಿಸಿದರು. 7,400 ರೂಪಾಯಿ ಆಯಿತು. ಅಬ್ಬಾ ಮರುದಿನ ಸಂತೆಗೆ ಹೊರಟಾಗ ಸದ್ದು ಹಾಗೆಯೇ ಇತ್ತು. ಆ ತಿಂಗಳು ಮನೆಯಲ್ಲಿ ಕೆಲವು ಖರೀದಿಗಳನ್ನು ಮುಂದಕ್ಕೆ ಹಾಕಬೇಕಾಯಿತು. ಆಮೇಲೆ ಇನ್ನೊಂದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಅಬ್ಬಾ ಜೊತೆ ಒಂದು ಸುತ್ತು ಹೋಗಿ ಬಂದು, ಕಾರನ್ನು ಎತ್ತಿ, ಸ್ಟೆಬಿಲೈಸರ್ ಲಿಂಕ್ ಹಿಡಿದು ಅಲ್ಲಾಡಿಸಿ ತೋರಿಸಿದರು. ಎರಡು ಲಿಂಕ್‌ಗೆ ಕೂಲಿ ಸೇರಿ 1,600 ರೂಪಾಯಿ. ಸದ್ದು ನಿಂತಿತು.

ಇದನ್ನು ಕೇಳಿ "ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು" ಎಂದುಕೊಂಡರೆ ತಪ್ಪು. ಸರಿಯಾದ ಉತ್ತರ ಕೊಟ್ಟವರೂ ಮೆಕ್ಯಾನಿಕ್ಕೇ. ನಮ್ಮ ಕಾಲೇಜಿನಲ್ಲೇ ತಂದೆ, ಅಣ್ಣ, ಮಾಮು ಗ್ಯಾರೇಜಿನಲ್ಲಿ ದುಡಿದು ಫೀಸ್ ಕಟ್ಟುತ್ತಿರುವ ಗೆಳೆಯರಿದ್ದಾರೆ. ಅವರಲ್ಲೊಬ್ಬ ನನಗೆ ಹೇಳಿದ ಮಾತು ಯೋಚಿಸುವಂಥದ್ದು. ಅವನ ಅಣ್ಣ ಒಂದು ಗಂಟೆ ಕಾರಿನ ಕೆಳಗೆ ಮಲಗಿ ದೋಷ ಹುಡುಕಿ, ಒಂದು ಬೋಲ್ಟ್ ಬಿಗಿ ಮಾಡಿ ಸರಿಪಡಿಸಿದರೆ, ಗಿರಾಕಿ "ಏನೂ ಹಾಕಿಲ್ಲವಲ್ಲ" ಎಂದು ಐವತ್ತು ರೂಪಾಯಿ ಕೊಟ್ಟು ಹೋಗುತ್ತಾನೆ. ಹೊಸ ಭಾಗ ಹಾಕಿದರೆ ಮಾತ್ರ ಕೂಲಿ ಸಿಗುತ್ತದೆ.

ನನ್ನ ಪ್ರಕಾರ ಸಮಸ್ಯೆಯ ಬೇರು ಇಲ್ಲಿದೆ. ನಾವು ವಸ್ತುವಿಗೆ ಹಣ ಕೊಡುತ್ತೇವೆ, ತಿಳಿವಳಿಕೆಗೆ ಕೊಡುವುದಿಲ್ಲ. ವೈದ್ಯರಿಗೆ ನೋಡಿದ್ದಕ್ಕೇ ಫೀಸ್ ಕೊಡುತ್ತೇವೆ, ಮೆಕ್ಯಾನಿಕ್‌ಗೆ ಕೊಡುವುದಿಲ್ಲ. ಹಾಗಾದಾಗ ಗ್ಯಾರೇಜಿಗೆ ಉಳಿಯುವ ಆದಾಯದ ದಾರಿ ಭಾಗಗಳನ್ನು ಬದಲಿಸುವುದೊಂದೇ. "ಮೊದಲು ಪರೀಕ್ಷೆ ಮಾಡಿ, ಅದಕ್ಕೆ ಬೇರೆ ಕೂಲಿ ಕೊಡುತ್ತೇನೆ" ಎಂದು ಹೇಳಿದರೆ ಇಬ್ಬರಿಗೂ ಲಾಭ. ಕೆಲವು ನೂರು ರೂಪಾಯಿಯಿಂದ ಕೆಲವು ಸಾವಿರ ಉಳಿಯಬಹುದು.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ನಿಮ್ಮ ಟಿಪ್ಪಣಿ ತೋರಿಸಿ, ಆದರೆ "ಲಿಂಕ್ ಬದಲಿಸಿ" ಎಂದು ಆಜ್ಞೆ ಮಾಡಬೇಡಿ. ನಮ್ಮ ಊಹೆ ತಪ್ಪಿದ್ದರೆ ಅವರು ಹೇಳಿದಂತೆ ಬದಲಿಸಿ ಕೊಡುತ್ತಾರೆ, ಜವಾಬ್ದಾರಿ ನಮ್ಮದಾಗುತ್ತದೆ. ಲಕ್ಷಣ ನಾವು ಹೇಳಬೇಕು, ತೀರ್ಮಾನ ಅವರು ಕೊಡಬೇಕು. ಒಟ್ಟಿಗೆ ಕಾರಿನಲ್ಲಿ ಒಂದು ಸುತ್ತು ಹೋಗಿ ಸದ್ದನ್ನು ಕೇಳಿಸಿ. ಕಾರನ್ನು ಎತ್ತಿದಾಗ ಸಡಿಲವಾದ ಭಾಗವನ್ನು ತೋರಿಸಲು ಕೇಳಿ. ಅಂದಾಜು ಪಟ್ಟಿಯಲ್ಲಿ ಬಿಡಿಭಾಗ, ಕೂಲಿ, ತೆರಿಗೆ ಬೇರೆ ಬೇರೆ ಇರಲಿ. ಹೊಸ ಭಾಗದ ಡಬ್ಬಿಯ ಮೇಲಿನ ಎಂ.ಆರ್.ಪಿ. ನೋಡಿ. ತೆಗೆದ ಹಳೆಯ ಭಾಗವನ್ನು ವಾಪಸ್ ಕೇಳಿ.

ಎಲ್ಲ ದೊಡ್ಡ ಬಿಲ್ ಮೋಸವಲ್ಲ ಎಂಬುದೂ ನೆನಪಿರಲಿ. ಒಂದು ಕಡೆಯ ಶಾಕ್ ಹೋದರೆ ಎರಡೂ ಕಡೆ ಬದಲಿಸಲು ಹೇಳುವುದು ಸರಿಯಾದ ಪದ್ಧತಿ. ಇಲ್ಲವಾದರೆ ಎಡ ಬಲ ಸಮತೋಲನ ತಪ್ಪುತ್ತದೆ. ಸ್ಟ್ರಟ್ ಅಥವಾ ಲೋವರ್ ಆರ್ಮ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇಕೇ ಬೇಕು. ರಬ್ಬರ್ ಬುಷ್ ಹಾಕಿದರೆ ಅದರ ಬೋಲ್ಟನ್ನು ಕೊನೆಗೆ ಕಾರಿನ ಭಾರ ಚಕ್ರದ ಮೇಲೆ ಬಿದ್ದಾಗ ಬಿಗಿ ಮಾಡಬೇಕು. ಕಾರು ಮೇಲೆ ತೂಗುತ್ತಿರುವಾಗಲೇ ಬಿಗಿ ಮಾಡಿದರೆ ಕೆಳಗಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇದನ್ನು ವಿನಯದಿಂದ ಕೇಳಿ ನೋಡಿ, ಒಳ್ಳೆಯ ಮೆಕ್ಯಾನಿಕ್ ಖುಷಿಪಡುತ್ತಾರೆ.

ಸೇವೆಯಲ್ಲಿ ಲೋಪವಾದರೆ ಕಾನೂನೂ ಇದೆ. ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಓದುವ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ದುರಸ್ತಿ ಸೇವೆಗೂ ಅನ್ವಯಿಸುತ್ತದೆ. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಸರಕು ಕೊಂಡು ಬಳಸುವವರನ್ನು ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ದೂರನ್ನು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬಹುದು. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಬಿಲ್ ಇಲ್ಲದಿದ್ದರೆ ದೂರಿಗೆ ಬಲ ಬರುವುದು ಕಷ್ಟ. ಸ್ವಲ್ಪ ಹಣ ಉಳಿಸಲು "ಬಿಲ್ ಬೇಡ" ಎನ್ನುವವರು ತಮ್ಮ ಹಕ್ಕನ್ನೇ ಬಿಟ್ಟುಕೊಡುತ್ತಿದ್ದಾರೆ.

ಒಟ್ಟಿನಲ್ಲಿ ಹೇಳುವುದಾದರೆ, "ನಾವೇ ಮಾಡುವುದೋ, ಗ್ಯಾರೇಜಿಗೆ ಕೊಡುವುದೋ" ಎಂಬ ಪ್ರಶ್ನೆಗೆ ಎರಡೂ ಎಂಬುದೇ ಉತ್ತರ. ಕೇಳುವುದು, ನೋಡುವುದು, ಬರೆದಿಡುವುದು ನಮ್ಮ ಪಾಲು. ಎತ್ತುವುದು, ಬಿಚ್ಚುವುದು, ಬಿಗಿಯುವುದು ಅವರ ಪಾಲು. ಈ ಭಾನುವಾರ ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಕಾರಿನ ಡಿಕ್ಕಿ ಖಾಲಿ ಮಾಡಿ, ಹಿರಿಯರು ಓಡಿಸುವಾಗ ಪಕ್ಕದಲ್ಲಿ ಕುಳಿತು ಒಂದು ಸುತ್ತು ಹೋಗಿ ಬನ್ನಿ. ಕೇಳಿದ ಸದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಂದಿನ ಸಲ ಗ್ಯಾರೇಜಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ.